ಎಕ್ಸ್‌ಪೀರಿಯೆನ್ಸ್ ಏನೂ ಇಲ್ಲ, ಸಮ್ಮರ್‌ಗೆ ಯಾವುದಾದ್ರೂ ಲ್ಯಾಬ್‌ನಲ್ಲಿ ಸೇರಿಸ್ಕೋತಾರಾ?

ಮೊದಲ_ಮೊಳಕೆ ಕೇಳಿದ್ದು:

ಎಲ್ರಿಗೂ ನಮಸ್ಕಾರ. ನಾನು ಡಿಗ್ರಿ ಎರಡನೇ ವರ್ಷ, ಬಯಾಲಜಿ. ಈ ಸಮ್ಮರ್‌ನಲ್ಲಿ ಯಾವುದಾದ್ರೂ ರಿಸರ್ಚ್ ಲ್ಯಾಬ್‌ನಲ್ಲಿ ಎರಡು ತಿಂಗಳು ಕೆಲಸ ಮಾಡ್ಬೇಕು ಅಂತ ತುಂಬಾ ಆಸೆ ಇದೆ. ಸರ್ಟಿಫಿಕೇಟ್‌ಗೋಸ್ಕರ ಅಲ್ಲ, ರಿಸರ್ಚ್ ಮಾಡೋರು ಬೆಳಗ್ಗೆಯಿಂದ ಸಂಜೆ ತನಕ ನಿಜವಾಗ್ಲೂ ಏನ್ ಮಾಡ್ತಾರೆ, ಅದು ನನ್ನ ಕೈಲಿ ಆಗುತ್ತಾ ಅಂತ ಒಂದ್ಸಲ ನೋಡ್ಬೇಕು, ಮುಂದೆ ಪಿಎಚ್‌ಡಿ ಅಂತ ಅಷ್ಟು ವರ್ಷ ಹಾಕೋ ಮುಂಚೆ.

ತೊಂದ್ರೆ ಏನಂದ್ರೆ ನನ್ನ ಹತ್ರ ತೋರಿಸೋಕೆ ಏನೂ ಇಲ್ಲ. ಕಾಲೇಜ್ ಪ್ರಾಕ್ಟಿಕಲ್ಸ್ ಬಿಟ್ರೆ ಲ್ಯಾಬ್ ನೋಡಿಲ್ಲ, ಮಾರ್ಕ್ಸ್ ಪರ್ವಾಗಿಲ್ಲ ಅನ್ನೋ ಹಾಗಿದೆ, ಟಾಪರ್ ಅಲ್ಲ, ಪೇಪರ್ ಇಲ್ಲ, ಪ್ರಾಜೆಕ್ಟ್ ಇಲ್ಲ. ಡಿಸೆಂಬರ್‌ನಿಂದ ಇಲ್ಲೀವರೆಗೆ 38 ಮೇಲ್ ಕಳ್ಸಿದೀನಿ. ಉತ್ತರ ಬಂದಿದ್ದು ಮೂರು, ಎರಡು "ಜಾಗ ಇಲ್ಲ", ಇನ್ನೊಂದು ರಜೆಯಲ್ಲಿದ್ದೀನಿ ಅನ್ನೋ ಆಟೋಮ್ಯಾಟಿಕ್ ರಿಪ್ಲೈ. ನಾನು ಕಳ್ಸಿದ್ದು ಸುಮಾರಾಗಿ ಹೀಗಿತ್ತು:

"ಗೌರವಾನ್ವಿತ ಸರ್/ಮೇಡಂ, ನಾನು ವಿಜ್ಞಾನದಲ್ಲಿ ಅಪಾರ ಆಸಕ್ತಿಯುಳ್ಳ ವಿದ್ಯಾರ್ಥಿನಿ. ತಮ್ಮ ಪ್ರತಿಷ್ಠಿತ ಪ್ರಯೋಗಾಲಯದಲ್ಲಿ ಕಲಿಯುವ ಅವಕಾಶ ಕೊಟ್ಟರೆ ಚಿರಋಣಿಯಾಗಿರುತ್ತೇನೆ. ಯಾವ ಕೆಲಸ ಕೊಟ್ಟರೂ ಶ್ರದ್ಧೆಯಿಂದ ಮಾಡುತ್ತೇನೆ. ಬಯೋಡೇಟಾ ಲಗತ್ತಿಸಿದ್ದೇನೆ."

ಇದ್ರಲ್ಲಿ ಏನ್ ತಪ್ಪಿದೆ? ಎಲ್ಲಾ ಕಡೆ ಅನುಭವ ಕೇಳ್ತಾರೆ, ಅನುಭವ ಬರೋಕೆ ಮೊದಲು ಯಾರಾದ್ರೂ ಒಳಗೆ ಬಿಡ್ಬೇಕಲ್ವಾ. ಮೊನ್ನೆ ಒಂದು ಜಾಹೀರಾತು ನೋಡ್ದೆ, ದುಡ್ಡು ಕಟ್ಟಿದ್ರೆ ನಾಲ್ಕು ವಾರದಲ್ಲಿ ರಿಸರ್ಚ್ ಇಂಟರ್ನ್‌ಶಿಪ್, ಜೊತೆಗೆ ಪೇಪರ್‌ನಲ್ಲಿ ಹೆಸರು ಅಂತ. ಕಟ್ಟಿಬಿಡ್ಲಾ ಅಂತ ಒಂದು ಕ್ಷಣ ಅನ್ಸಿದ್ದು ನಿಜ. ಗೊತ್ತಿರೋರು ದಯವಿಟ್ಟು ಹೇಳಿ.

---

ಪೆಟ್ರಿ_ತಟ್ಟೆ ಉತ್ತರ:

ದುಡ್ಡು ಕಟ್ಬೇಡಮ್ಮ, ಮೊದಲು ಅದನ್ನ ಪಕ್ಕಕ್ಕಿಡು.

ನಾನು ಮೈಕ್ರೋಬಯಾಲಜಿ ಪಿಎಚ್‌ಡಿ ನಾಲ್ಕನೇ ವರ್ಷ. ನಮ್ಮ ಗೈಡ್‌ಗೆ ಬರೋ ಇಂಥ ಮೇಲ್‌ಗಳನ್ನ ಅವರು ಎಷ್ಟೋ ಸಲ ನಮಗೇ ಫಾರ್ವರ್ಡ್ ಮಾಡಿ "ನೋಡಿ, ಯಾರಿಗಾದ್ರೂ ಬೇಕಾ" ಅಂತ ಕೇಳ್ತಾರೆ, ಹಾಗಾಗಿ ಓದೋ ಕಡೆಯಿಂದ ಹೇಳ್ತೀನಿ. ನಿನ್ನ ಮೇಲ್‌ನಲ್ಲಿ ವಿನಯಕ್ಕೆ ಏನೂ ಕಮ್ಮಿ ಇಲ್ಲ. ಆದ್ರೆ ಅದೇ ಮೇಲ್‌ನ ಫಿಸಿಕ್ಸ್ ಪ್ರೊಫೆಸರ್‌ಗೆ ಕಳ್ಸಿದ್ರೂ ಒಂದಕ್ಷರ ಬದಲಾಯಿಸ್ಬೇಕಿಲ್ಲ. ಯಾರಿಗೆ ಬೇಕಾದ್ರೂ ಹೋಗೋ ಮೇಲ್ ಅದು, ಓದಿದೋರಿಗೆ ಇದು ನನಗೇ ಬಂದಿದೆ ಅಂತ ಅನ್ಸಲ್ಲ, ಉತ್ತರ ಕೊಡ್ಬೇಕು ಅಂತಾನೂ ಅನ್ಸಲ್ಲ. "ಸರ್/ಮೇಡಂ" ಅಂತ ಓರೆಗೆರೆ ಹಾಕಿದ್ಯಲ್ಲ, ಅಲ್ಲೇ ಗೊತ್ತಾಗ್ಬಿಡುತ್ತೆ ಇದು ಹತ್ತಾರು ಜನಕ್ಕೆ ಹೋಗಿದೆ ಅಂತ.

ಎರಡು ವರ್ಷದ ಹಿಂದೆ ನಾವು ಒಬ್ಬ ಹುಡುಗನ್ನ ತಗೊಂಡ್ವಿ, ಅವನಿಗೂ ಅನುಭವ ಸೊನ್ನೆ, ಮಾರ್ಕ್ಸ್ ನಿನ್ನ ಥರಾನೇ. ಅವನ ಮೇಲ್ ಏಳೆಂಟು ಸಾಲು ಇತ್ತು ಅಷ್ಟೆ. ಅದ್ರಲ್ಲಿ ಒಂದು ಸಾಲು ನನಗೆ ಇನ್ನೂ ನೆನಪಿದೆ, ಭಾವಾರ್ಥ ಹೇಳ್ತೀನಿ: "ನಿಮ್ಮ ಪೇಪರ್‌ನ ಮೂರನೇ ಚಿತ್ರದಲ್ಲಿ ಉಪ್ಪು ಜಾಸ್ತಿ ಆದ ಹಾಗೆ ಬಯೋಫಿಲ್ಮ್‌ನ (ಬ್ಯಾಕ್ಟೀರಿಯಾ ಅಂಟಿಕೊಂಡು ಬೆಳೆಯೋ ಪದರ) ಬಣ್ಣ ಗಾಢ ಆಗ್ತಾ ಹೋಗುತ್ತೆ, ಆದ್ರೆ ಪಕ್ಕದ ಗ್ರಾಫ್‌ನಲ್ಲಿ ಸೆಲ್ ಕೌಂಟ್ ಹಾಗೇ ಇದೆ. ಕ್ರಿಸ್ಟಲ್ ವಯೊಲೆಟ್ ಅನ್ನೋ ಬಣ್ಣ ಸೆಲ್‌ಗೂ ಹಿಡಿಯುತ್ತೆ, ಸೆಲ್‌ಗಳು ಹೊರಗೆ ಬಿಡೋ ಅಂಟಿಗೂ ಹಿಡಿಯುತ್ತೆ ಅಂತ ಓದಿದೆ. ಹಾಗಾದ್ರೆ ಜಾಸ್ತಿ ಆಗಿರೋದು ಸೆಲ್ ಅಲ್ಲ, ಅಂಟು ಅಂತ ಅರ್ಥ ಮಾಡ್ಕೊಂಡ್ರೆ ಸರಿನಾ?" ಇಷ್ಟೇ. ಪ್ರಶ್ನೆ ದೊಡ್ಡದೇನಲ್ಲ, ಉತ್ತರ ಅದೇ ಪೇಪರ್‌ನ ಕೊನೆ ಭಾಗದಲ್ಲಿ ಅರ್ಧಂಬರ್ಧ ಇತ್ತು ಕೂಡ. ಆದ್ರೆ ಈ ಹುಡುಗ ಕೂತ್ಕೊಂಡು ಚಿತ್ರ ನೋಡಿದಾನೆ, ಎರಡು ಗ್ರಾಫ್‌ನ ಪಕ್ಕಪಕ್ಕ ಇಟ್ಟು ಯೋಚನೆ ಮಾಡಿದಾನೆ ಅಂತ ಗೊತ್ತಾಯ್ತು. ಗೈಡ್ ಅವತ್ತು ಸಂಜೇನೇ ಉತ್ತರ ಬರೆದ್ರು.

ಪೇಪರ್ ಓದೋದು ಅಂದ್ರೆ ಮೊದಲ ಪದದಿಂದ ಕೊನೆ ಪದದ ತನಕ ಅಂತ ಅನ್ಕೋಬೇಡ, ಹಾಗೆ ಶುರು ಮಾಡಿದ್ರೆ ಎರಡನೇ ಪುಟಕ್ಕೆ ನಿದ್ದೆ ಬರುತ್ತೆ. ಸಾರಾಂಶ ಓದು, ಆಮೇಲೆ ಸೀದಾ ಚಿತ್ರಗಳಿಗೆ ಹೋಗು, ಪ್ರತಿ ಚಿತ್ರದ ಕೆಳಗಿನ ಬರಹ ಓದಿ "ಇದ್ರಲ್ಲಿ ಏನ್ ಅಳೆದ್ರು, ಯಾವುದಕ್ಕೆ ಹೋಲಿಸಿದ್ರು" ಅಂತ ನಿನ್ನ ಮಾತಲ್ಲಿ ಒಂದೊಂದು ಸಾಲು ಬರಿ. ಕೊನೆಗೆ ಡಿಸ್ಕಷನ್‌ನ ಕೊನೇ ಎರಡು ಪ್ಯಾರಾ. ಮುಂದೆ ಏನ್ ಮಾಡ್ಬೇಕು ಅಂತ ಅವರೇ ಸಾಮಾನ್ಯವಾಗಿ ಅಲ್ಲಿ ಬರೆದಿರ್ತಾರೆ, ನಿನ್ನ ಪ್ರಶ್ನೆ ಹುಟ್ಟೋದೂ ಅಲ್ಲೇ. ಮೊದಲ ಪೇಪರ್‌ಗೆ ಎರಡು ದಿನ ಹಿಡಿಯುತ್ತೆ, ಹಿಡೀಲಿ. 38 ಲ್ಯಾಬ್‌ಗೆ ಒಂದೇ ಮೇಲ್ ಕಳ್ಸೋ ಬದಲು ಆರು ಲ್ಯಾಬ್ ಆರಿಸ್ಕೋ, ಒಂದೊಂದಕ್ಕೂ ಒಂದು ಪೇಪರ್ ಓದು, ಆರು ಬೇರೆ ಬೇರೆ ಮೇಲ್ ಬರಿ.

ಇನ್ನೊಂದು, ಪ್ರೊಫೆಸರ್‌ಗಷ್ಟೇ ಬರೀಬೇಡ. ಲ್ಯಾಬ್ ಪೇಜ್‌ನಲ್ಲಿ ಪಿಎಚ್‌ಡಿ ಸ್ಟೂಡೆಂಟ್ಸ್, ಪೋಸ್ಟ್‌ಡಾಕ್‌ಗಳ (ಪಿಎಚ್‌ಡಿ ಮುಗಿಸಿ ರಿಸರ್ಚ್ ಮಾಡ್ತಿರೋರು) ಹೆಸರು ಇರುತ್ತೆ. ಪಕ್ಕದಲ್ಲಿ ನಿಂತು ಕಲಿಸೋರು ಅವರೇ. "ನಿಮ್ಮ ಕೆಲಸದಲ್ಲಿ ಸಮ್ಮರ್‌ಗೆ ಒಂದು ಜೊತೆ ಕೈ ಉಪಯೋಗ ಆಗುತ್ತಾ" ಅಂತ ಅವರನ್ನೇ ಕೇಳು. ಅವರು ಹೂಂ ಅಂದ್ರೆ ಗೈಡ್ ಹತ್ರ ಅವರೇ ಮಾತಾಡ್ತಾರೆ.

ಅನುಭವ ಇಲ್ಲ ಅಂತ ಕುಗ್ಬೇಡ. ಮೊದಲ ಎರಡು ವಾರ ನಾವು ಕಲಿಸೋದು ಏನ್ ಗೊತ್ತಾ? ನೀರು ಪಿಪೆಟ್ ಮಾಡೋದು. ತಕ್ಕಡಿ ಮೇಲೆ ಪುಟ್ಟ ಟ್ಯೂಬ್ ಇಟ್ಟು 100 ಮೈಕ್ರೋಲೀಟರ್ ನೀರು ಹಾಕು ಅಂತೀವಿ, 0.1 ಗ್ರಾಂ ತೋರಿಸ್ಬೇಕು, ಹತ್ತು ಸಲ ಹಾಕಿದ್ರೆ ಹತ್ತು ಸಲಾನೂ ಹತ್ತತ್ರ ಅಷ್ಟೇ ಬರ್ಬೇಕು. ಶುರುನಲ್ಲಿ ಎಲ್ರಿಗೂ 0.092, 0.107 ಅಂತ ಕುಣೀತಾ ಇರುತ್ತೆ, ಹೆಬ್ಬೆರಳನ್ನ ಪಟ್ ಅಂತ ಬಿಡ್ತಾರೆ, ಗಾಳಿಗುಳ್ಳೆ ಒಳಗೆ ಹೋಗುತ್ತೆ. ನಿಧಾನ ಬಿಡೋದು ಕಲ್ತ ಮೇಲೆ ಸರಿ ಹೋಗುತ್ತೆ. ಆಮೇಲೆ ಪ್ಲೇಟ್ ಮೇಲೆ ಕಾಲೊನಿ ಎಣಿಸೋದು, 30ರಿಂದ 300ರ ಒಳಗಿರೋ ಪ್ಲೇಟ್ ಮಾತ್ರ ಲೆಕ್ಕಕ್ಕೆ ತಗೊಳ್ಳೋದು, ಯಾಕೆ ಅಂತ ತಿಳ್ಕೊಳ್ಳೋದು. ಇದ್ಯಾವುದಕ್ಕೂ ನಿನ್ನ ಹತ್ರ ಹಳೇ ಪ್ರಾಜೆಕ್ಟ್ ಇರ್ಬೇಕಾಗಿಲ್ಲ.

---

ಕರಿಹಲಗೆ ಉತ್ತರ:

ಮೇಲಿನವರು ಹೇಳಿದ್ದು ಸರಿಯಾಗಿದೆ. ನಾನು ಪಾಠ ಮಾಡ್ತೀನಿ, ಒಂದು ಸಣ್ಣ ರಿಸರ್ಚ್ ಗುಂಪೂ ಇದೆ, ಮೇಜಿನ ಈ ಕಡೆಯಿಂದ ಕೆಲವು ವಿಷಯ ಸೇರಿಸ್ತೀನಿ.

ಒಬ್ಬ ಹೊಸ ವಿದ್ಯಾರ್ಥಿ ಬಂದ್ರೆ ನನ್ನ ಪಿಎಚ್‌ಡಿ ವಿದ್ಯಾರ್ಥಿಯ ಮೂರು ವಾರ ಕಲಿಸೋದಕ್ಕೇ ಹೋಗುತ್ತೆ. ಬಂದವರು ಎಂಟು ವಾರ ಇರ್ತಾರೆ ಅಂದ್ರೆ ಕೆಲಸ ಸಿಗೋದು ಐದು ವಾರ, ಅದ್ರಲ್ಲಿ ಮಧ್ಯೆ ಪರೀಕ್ಷೆ, ಮದುವೆ, ಊರು ಅಂತ ಎರಡು ವಾರ ಹೋದ್ರೆ ಏನೂ ಉಳಿಯಲ್ಲ. ಹಾಗಾಗಿ ನಾನು ಮೇಲ್‌ನಲ್ಲಿ ಮೊದಲು ಹುಡುಕೋದು ಮಾರ್ಕ್ಸ್ ಅಲ್ಲ. ಯಾವ ತಾರೀಕಿಂದ ಯಾವ ತಾರೀಕಿನ ತನಕ ಇರ್ತೀರಿ, ವಾರಕ್ಕೆ ಎಷ್ಟು ಗಂಟೆ, ಮಧ್ಯೆ ಬಿಡುವು ಬೇಕಾ, ಸಮ್ಮರ್ ಮುಗಿದ ಮೇಲೂ ವಾರಕ್ಕೆ ಒಂದೆರಡು ದಿನ ಬರೋಕೆ ಆಗುತ್ತಾ. ಇದನ್ನ ಎರಡು ಸಾಲಿನಲ್ಲಿ ಸ್ಪಷ್ಟವಾಗಿ ಬರೆಯೋರು ನೂರಕ್ಕೆ ಐದು ಜನ ಸಿಕ್ಕಿದ್ರೆ ಹೆಚ್ಚು. "ಯಾವ ಕೆಲಸ ಕೊಟ್ಟರೂ ಮಾಡುತ್ತೇನೆ" ಅನ್ನೋದು ನಿಮಗೆ ಶ್ರದ್ಧೆ ಅನ್ಸುತ್ತೆ, ನನಗೆ ಮಾತ್ರ ನಿಮಗೇನು ಬೇಕು ಅಂತ ನಾನೇ ಯೋಚನೆ ಮಾಡಿ ಹೇಳ್ಬೇಕು ಅನ್ನೋ ಹಾಗೆ ಕೇಳಿಸುತ್ತೆ.

ಏನೂ ಗೊತ್ತಿಲ್ಲದವರನ್ನ ರಿಸರ್ಚ್‌ಗೆ ಸೇರಿಸ್ಕೊಳ್ಳೋದು ಯಾರೋ ಮಾಡೋ ಉಪಕಾರ ಅಂತ ಅನ್ಕೋಬೇಡಿ. ಎಂಐಟಿನಲ್ಲಿ ಡಿಗ್ರಿ ವಿದ್ಯಾರ್ಥಿಗಳನ್ನ ಪ್ರೊಫೆಸರ್‌ಗಳ ಸಂಶೋಧನೆಗೆ ಸೇರಿಸೋ ಯುರಾಪ್ ಅನ್ನೋ ವ್ಯವಸ್ಥೆಯನ್ನ ಮಾರ್ಗರೆಟ್ ಮ್ಯಾಕ್‌ವಿಕರ್ 1969ರಲ್ಲಿ ಶುರು ಮಾಡಿದ್ರು, ಕ್ಯಾಲ್‌ಟೆಕ್‌ನ ಸಮ್ಮರ್ ಫೆಲೋಶಿಪ್ 1979ರದ್ದು. ಅಂದ್ರೆ ಅನುಭವ ಇಲ್ಲದವರಿಗೇ ಅಂತ ಬಾಗಿಲು ಮಾಡಿ ಐವತ್ತು ವರ್ಷ ದಾಟಿದೆ. ಅಪ್ಲಿಕೇಶನ್ ಹಾಕೋ ಪ್ರೋಗ್ರಾಂಗಳನ್ನ ಮಾತ್ರ ನಿಯಮ ಓದಿ ಹಾಕಿ, ಸುಮ್ಮನೆ ಎಲ್ಲಕ್ಕೂ ಹಾಕಿ ಬೇಜಾರು ಮಾಡ್ಕೋಬೇಡಿ. ಯೂರೋಪಿನ ಕಣ ಭೌತವಿಜ್ಞಾನ ಕೇಂದ್ರ ಸರ್ನ್‌ನ ಸಮ್ಮರ್ ಸ್ಟೂಡೆಂಟ್ ಪ್ರೋಗ್ರಾಂಗೆ ಯೂನಿವರ್ಸಿಟಿ ಓದು ಮೂರು ವರ್ಷ ಮುಗಿದಿರ್ಬೇಕು, ಅದೂ ಫಿಸಿಕ್ಸ್, ಇಂಜಿನಿಯರಿಂಗ್, ಕಂಪ್ಯೂಟಿಂಗ್, ಗಣಿತದವರಿಗೆ. ಅಮೆರಿಕದ ಸರ್ಕಾರಿ ವಿಜ್ಞಾನ ನಿಧಿ ಎನ್‌ಎಸ್‌ಎಫ್ ದುಡ್ಡಲ್ಲಿ ನಡೆಯೋ ಆರ್‌ಇಯು ಸಾಮಾನ್ಯವಾಗಿ ಹತ್ತು ವಾರದ ಒಳ್ಳೇ ಕಾರ್ಯಕ್ರಮ, ಆದ್ರೆ ಅಲ್ಲಿನ ನಾಗರಿಕರಿಗೆ, ಕಾಯಂ ನಿವಾಸಿಗಳಿಗೆ. ಕೆನಡಾದ ಮೈಟ್ಯಾಕ್ಸ್ ಗ್ಲೋಬಲಿಂಕ್ ಹನ್ನೆರಡು ವಾರದ್ದು, ಅದ್ರ ಅರ್ಜಿ ಹಿಂದಿನ ವರ್ಷದ ಸೆಪ್ಟೆಂಬರ್ ಹೊತ್ತಿಗೇ ಮುಚ್ಚಿಬಿಡುತ್ತೆ. ಸಮ್ಮರ್ ಅಂತ ಹೆಸರಿದ್ರೂ ಓಡಾಟ ಶುರು ಮಾಡ್ಬೇಕಾದದ್ದು ಅದಕ್ಕಿಂತ ಬಹಳ ಮುಂಚೆ. ಆದ್ರೆ ಒಂದೊಂದು ಲ್ಯಾಬ್‌ಗೆ ನೇರವಾಗಿ ಬರೆಯೋದಕ್ಕೆ ಇಂಥ ಕೊನೆ ದಿನ ಇಲ್ಲ, ನೀವು ತಡ ಮಾಡಿಲ್ಲ.

ರೆಕಮಂಡೇಶನ್ ಲೆಟರ್ ವಿಷಯ. ಹೆಸರು ದೊಡ್ಡದಿರೋರ ಹಿಂದೆ ಹೋಗ್ಬೇಡಿ, ನಿಮ್ಮನ್ನ ಪ್ರಾಕ್ಟಿಕಲ್‌ನಲ್ಲಿ ಹತ್ತಿರದಿಂದ ನೋಡಿದ ಟೀಚರ್ ಹತ್ರ ಹೋಗಿ. ಕಡೇಪಕ್ಷ ಮೂರು ವಾರ ಮುಂಚೆ ಕೇಳಿ. "ನನ್ನ ಬಗ್ಗೆ ಒಳ್ಳೇ ಪತ್ರ ಬರೆಯೋಕೆ ನಿಮಗೆ ಆಗುತ್ತಾ" ಅಂತಾನೇ ಕೇಳಿ, ಆಗಲ್ಲ ಅನ್ನೋರಿಗೆ ಆಗಲ್ಲ ಅನ್ನೋಕೆ ಅವಕಾಶ ಇರ್ಲಿ. ಜೊತೆಗೆ ಅವರ ಕ್ಲಾಸಲ್ಲಿ ನೀವು ಏನ್ ಮಾಡಿದ್ರಿ ಅಂತ ನೆನಪಿಸೋ ಅರ್ಧ ಪುಟ ಕೊಡಿ. ಒಬ್ಬ ವಿದ್ಯಾರ್ಥಿನಿ ಬಗ್ಗೆ ನಾನು ಬರೆದ ಅತ್ಯುತ್ತಮ ಪತ್ರದಲ್ಲಿ ಇದ್ದಿದ್ದು ಒಂದೇ ಘಟನೆ: ಟೈಟ್ರೇಶನ್‌ನಲ್ಲಿ ಅವಳಿಗೆ ಎಲ್ಲರಿಗಿಂತ ಬೇರೆ ಉತ್ತರ ಬಂತು, ಪಕ್ಕದವರದ್ದು ನೋಡಿ ತಿದ್ದಲಿಲ್ಲ, ಬಂದಿದ್ದನ್ನೇ ಬರೆದು ಮೂರು ಸಲ ಮತ್ತೆ ಮಾಡಿದ್ಲು, ಕೊನೆಗೆ ದ್ರಾವಣದ ಬಾಟಲಿ ಮೇಲಿನ ಲೇಬಲ್ಲೇ ತಪ್ಪು ಅಂತ ಗೊತ್ತಾಯ್ತು. ಇಂಥದ್ದು ಯಾವ ಮಾರ್ಕ್ಸ್ ಕಾರ್ಡಲ್ಲೂ ಬರಲ್ಲ.

ಮೇಲ್ ಕಳ್ಸಿ ಹತ್ತು ದಿನ ಆದ್ರೂ ಉತ್ತರ ಇಲ್ಲ ಅಂದ್ರೆ ಅದೇ ಮೇಲ್ ಕೆಳಗೆ ಎರಡು ಸಾಲು ಬರೆದು ಇನ್ನೊಂದ್ಸಲ ಕಳ್ಸಿ. ಅದು ತೊಂದರೆ ಕೊಟ್ಟ ಹಾಗೆ ಅಲ್ಲ. ನನ್ನಲ್ಲಿ ಉತ್ತರ ಸಿಗದೆ ಉಳಿದ ಮೇಲ್‌ಗಳು ಬೇಡ ಅಂತ ಬಿಟ್ಟಿದ್ದಕ್ಕಿಂತ ಕೆಳಗೆ ಜಾರಿ ಕಣ್ಣಿಗೆ ಬೀಳದೇ ಹೋಗಿದ್ದೇ ಜಾಸ್ತಿ. ಎರಡನೇ ಸಲಕ್ಕೂ ಉತ್ತರ ಇಲ್ಲಾಂದ್ರೆ ಬಿಟ್ಟುಬಿಡಿ, ಮುಂದಕ್ಕೆ ಹೋಗಿ.

---

ಖಾಲಿ_ಕೋಶ ಉತ್ತರ:

ನಾನೂ ಈಗ ಕೊನೇ ವರ್ಷ ಡಿಗ್ರಿ, ನಿಮ್ಮ ಜಾಗದಲ್ಲಿ ಹೋದ ವರ್ಷ ನಾನಿದ್ದೆ. ನನಗೆ ಆವತ್ತು ಯಾರೂ ಹೇಳದೇ ಇದ್ದ ಒಂದು ದಾರಿ ಹೇಳ್ತೀನಿ. ಲ್ಯಾಬ್ ಒಳಗೆ ಬಿಡೋ ತನಕ ಕಾಯೋ ಬದಲು ಮನೇಲೇ ಒಂದು ಸಣ್ಣ ಕೆಲಸ ಶುರು ಮಾಡಿ ಮುಗಿಸಿ, "ಮುಗಿಸಿ" ಅನ್ನೋದು ಮುಖ್ಯ.

ತುಂಬಾ ಪೇಪರ್‌ಗಳ ಡೇಟಾ ಎಲ್ರಿಗೂ ತೆರೆದಿರುತ್ತೆ. ಜೀನ್ ಎಕ್ಸ್‌ಪ್ರೆಶನ್ ಡೇಟಾ ಜಿಇಒ ಅನ್ನೋ ಸಂಗ್ರಹದಲ್ಲಿ ಫ್ರೀಯಾಗಿ ಸಿಗುತ್ತೆ, ಇಮೇಜ್‌ಜೆ ಅನ್ನೋ ಫ್ರೀ ಸಾಫ್ಟ್‌ವೇರ್‌ನಲ್ಲಿ ಕಾಲೊನಿ ಎಣಿಸ್ಬೋದು, ಸೆಲ್ ಅಳತೆ ತೆಗೀಬೋದು. ನಾನು ಮಾಡಿದ್ದು ಇಷ್ಟೆ, ಒಂದು ಇಕಾಲಜಿ ಪೇಪರ್ ತಗೊಂಡು ಅದ್ರ ಜೊತೆ ಹಾಕಿದ್ದ ಡೇಟಾ ಇಳಿಸ್ಕೊಂಡು, ಅವರ ಎರಡನೇ ಚಿತ್ರವನ್ನ ನಾನೇ ಪೈಥಾನ್‌ನಲ್ಲಿ ಮತ್ತೆ ಬಿಡಿಸೋಕೆ ಕೂತೆ. ಅರ್ಧ ದಿನದ ಕೆಲಸ ಅನ್ಕೊಂಡಿದ್ದೆ, ಮೂರು ವಾರ ಆಯ್ತು. ಪೇಪರ್‌ನಲ್ಲಿ ಸರಾಸರಿ ತಾಪಮಾನ 20ರ ಸುಮಾರು ಇದ್ರೆ ನನಗೆ ಮೈನಸ್‌ನಲ್ಲಿ ಬರ್ತಿತ್ತು. ಕೋಡ್ ಎಲ್ಲಾ ಮೂರು ಸಲ ಬರೆದೆ. ಕೊನೆಗೆ ಡೇಟಾನ ಕಣ್ಣಾರೆ ಸಾಲು ಸಾಲು ನೋಡಿದಾಗ ಅಲ್ಲಲ್ಲಿ -999 ಅಂತ ಇತ್ತು. ಸೆನ್ಸರ್ ಕೆಟ್ಟಿದ್ದ ದಿನಗಳಿಗೆ ಖಾಲಿ ಬಿಡೋ ಬದಲು ಆ ನಂಬರ್ ಹಾಕಿದ್ರು, ನಾನು ಅದನ್ನೂ ತಾಪಮಾನ ಅಂತ ಸೇರಿಸಿ ಸರಾಸರಿ ತೆಗೀತಿದ್ದೆ. ಅದನ್ನ ತೆಗೆದ ತಕ್ಷಣ ಅವರ ಚಿತ್ರಾನೇ ನನ್ನ ಸ್ಕ್ರೀನ್ ಮೇಲೆ ಬಂತು, ಆ ಖುಷಿ ಇವತ್ತಿಗೂ ಮರೆತಿಲ್ಲ.

ಮೇಲ್‌ನಲ್ಲಿ ಈ ಕಥೆಯನ್ನ ಮೂರು ಸಾಲಿನಲ್ಲಿ ಬರೆದು ಕೋಡ್‌ನ ಲಿಂಕ್ ಹಾಕ್ದೆ. ಆ ಪೇಪರ್ ಬರೆದವರಿಗೇ ಕಳ್ಸಿದ್ದೆ, ಅವರ ಲ್ಯಾಬ್‌ನಲ್ಲಿ ಜಾಗ ಇರ್ಲಿಲ್ಲ, ಆದ್ರೆ ಅವರೇ ತಮ್ಮ ಸ್ನೇಹಿತರೊಬ್ಬರಿಗೆ ಪರಿಚಯ ಮಾಡಿಸಿದ್ರು, ಸಮ್ಮರ್ ಪೂರ್ತಿ ಅಲ್ಲಿ ಕೆಲಸ ಮಾಡ್ದೆ.

ಕೋಡಿಂಗ್ ಬರಲ್ಲ ಅಂದ್ರೂ ಯಾರು ಬೇಕಾದ್ರೂ ಸಂಶೋಧನೆಗೆ ಕೈಜೋಡಿಸ್ಬೋದಾದ ಝೂನಿವರ್ಸ್ ಥರದ ವೆಬ್‌ಸೈಟ್‌ನಲ್ಲಿ ಶುರು ಮಾಡ್ಬೋದು, ಕಾಡಿನ ಕ್ಯಾಮೆರಾದಲ್ಲಿ ಸಿಕ್ಕ ಪ್ರಾಣಿ ಗುರುತಿಸೋದು ಈ ಥರ ಕೆಲಸ. 2007ರಲ್ಲಿ ಗ್ಯಾಲಕ್ಸಿಗಳ ಫೋಟೋ ವಿಂಗಡಿಸೋ ಗ್ಯಾಲಕ್ಸಿ ಝೂ ಅನ್ನೋ ಇಂಥದ್ದೇ ಪ್ರಾಜೆಕ್ಟ್ ಶುರುವಾದಾಗ ಹ್ಯಾನಿ ವಾನ್ ಆರ್ಕೆಲ್ ಅನ್ನೋ ಡಚ್ ಸ್ಕೂಲ್ ಟೀಚರ್ ಫೋಟೋ ನೋಡ್ತಾ ನೋಡ್ತಾ "ಈ ಮಸುಕು ಕಲೆ ಏನು?" ಅಂತ ಕೇಳಿದ್ರು, ಅದು ಖಗೋಳ ವಿಜ್ಞಾನಿಗಳು ಅಲ್ಲೀ ತನಕ ಗಮನಿಸದೇ ಇದ್ದ ಹೊಸ ಬಗೆ ವಸ್ತು ಅಂತ ಆಯ್ತು, ಇವತ್ತಿಗೂ ಅವರ ಹೆಸರಲ್ಲೇ ಕರೀತಾರೆ.

ಆ ಜಾಹೀರಾತಿನ ಬಗ್ಗೆ: ಅಂಥದ್ದೇ ಒಂದಕ್ಕೆ ನಾನು ದುಡ್ಡು ಕಟ್ಟಿದ್ದೆ. ರೆಕಾರ್ಡ್ ಮಾಡಿದ್ದ ವಿಡಿಯೋ ಕಳ್ಸಿದ್ರು, ಕೊನೆಗೆ ಪೇಪರ್ ಅಂತ ಒಂದು ಫೈಲ್ ಕಳ್ಸಿದ್ರು, ಅದ್ರಲ್ಲಿ ನನ್ನ ಹೆಸರಿನ ಜೊತೆ ನಾನು ಕಂಡು ಕೇಳಿರದ ಹನ್ನೊಂದು ಜನರ ಹೆಸರಿತ್ತು. ನಾನು ಬರೆಯದ ಒಂದು ಸಾಲನ್ನ ಯಾರಾದ್ರೂ ಇಂಟರ್‌ವ್ಯೂನಲ್ಲಿ ವಿವರಿಸು ಅಂದ್ರೆ ಏನ್ ಹೇಳೋದು ಅಂತ ಹೆದರಿ ಸಿವಿಯಲ್ಲಿ ಹಾಕಲೇ ಇಲ್ಲ. ಸಂಬಳ ಕೊಡದೇ ಇರೋ ಲ್ಯಾಬ್ ಇರ್ಬೋದು, ಆದ್ರೆ ಕೆಲಸ ಮಾಡೋಕೆ ನಿಮ್ಮ ಹತ್ರಾನೇ ದುಡ್ಡು ಕೇಳಿದ್ರೆ ಅಲ್ಲಿಂದ ಎದ್ದು ಬನ್ನಿ.

---

ಅರ್ಧ_ದಿನ ಉತ್ತರ:

ಎಲ್ರೂ ಒಳ್ಳೇದೇ ಹೇಳಿದೀರಿ, ಆದ್ರೆ ಒಂದು ಮಾತು ಯಾರೂ ಸರಿಯಾಗಿ ಎತ್ತಲಿಲ್ಲ. ಎರಡು ತಿಂಗಳು ಸಂಬಳ ಇಲ್ಲದೆ ಪೂರ್ತಿ ದಿನ ಕೆಲಸ ಮಾಡೋಕೆ ಎಲ್ಲರ ಮನೇಲೂ ಆಗಲ್ಲ. ನಾನು ರಜೆಯಲ್ಲಿ ದುಡಿದೇ ಫೀಸ್ ಕಟ್ತಿದ್ದೋನು. ಸ್ಟೈಪೆಂಡ್ ಕೇಳಿದ್ರೆ ಆಸೆಬುರುಕ ಅನ್ಕೋತಾರೆ ಅಂತ ಹೆದರಿ ಎರಡು ಅವಕಾಶ ಬಿಟ್ಟೆ, ಆಮೇಲೆ ಗೊತ್ತಾಯ್ತು ಅದ್ರಲ್ಲಿ ಒಂದ್ರಲ್ಲಿ ದುಡ್ಡು ಇತ್ತು, ನಾನು ಕೇಳ್ಲಿಲ್ಲ ಅಷ್ಟೆ. ಮೊದಲ ಮೇಲ್‌ನಲ್ಲಿ ಬೇಡ, ಅವರು ಮಾತಾಡೋಣ ಅಂದಾಗ ನೇರವಾಗಿ ಕೇಳಿ. ಇಲ್ಲ ಅಂದ್ರೆ ವಾರಕ್ಕೆ 12 ಗಂಟೆ, ಆರು ತಿಂಗಳು ಅಂತ ಹೇಳಿ ನೋಡಿ. ನಾನು ಹಾಗೇ ಸೇರಿದ್ದು.

ಕರಿಹಲಗೆ:

ಇದನ್ನ ನಾನೇ ಬರೀಬೇಕಿತ್ತು, ಬಿಟ್ಟಿದ್ದು ತಪ್ಪಾಯ್ತು. ದುಡ್ಡಿನ ಬಗ್ಗೆ ಕೇಳಿದ ವಿದ್ಯಾರ್ಥಿ ಮೇಲೆ ನನಗೆ ಯಾವತ್ತೂ ಬೇಸರ ಆಗಿಲ್ಲ. ಮತ್ತೆ ವಾರಕ್ಕೆ 12 ಗಂಟೆಯಂತೆ ಆರು ತಿಂಗಳು ಬರೋರು ಎಷ್ಟೋ ಸಲ ಎಂಟು ವಾರ ಪೂರ್ತಿ ಬರೋರಿಗಿಂತ ನಮಗೆ ಅನುಕೂಲ, ಕಲಿಸಿದ್ದು ವ್ಯರ್ಥ ಆಗಲ್ಲ.

---

ಮೊದಲ_ಮೊಳಕೆ (ಐದು ವಾರದ ನಂತರ):

ಅಕ್ಕ, ಸರ್, ಎಲ್ರಿಗೂ ಥ್ಯಾಂಕ್ಸ್, ಇಷ್ಟು ದಿನ ಏನೂ ಬರೀಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ, ನೀವು ಹೇಳಿದ್ದನ್ನೇ ಮಾಡ್ತಿದ್ದೆ.

ಏಳು ಲ್ಯಾಬ್ ಆರಿಸ್ಕೊಂಡೆ. ಒಂದು ಪೇಪರ್ ಅಂತೂ ಅರ್ಥಾನೇ ಆಗ್ಲಿಲ್ಲ, ಬಿಟ್ಟೆ. ಆರು ಮೇಲ್, ಎರಡು ಪಿಎಚ್‌ಡಿ ಸ್ಟೂಡೆಂಟ್‌ಗಳಿಗೆ. ನಾಲ್ಕು ದಿನದಲ್ಲಿ ಒಂದು ಉತ್ತರ ಬಂತು, ಹತ್ತು ದಿನ ಕಾದು ಮತ್ತೆ ಕಳ್ಸಿದ್ದಕ್ಕೆ ಇನ್ನೊಂದು, ಅವರು "ಕ್ಷಮಿಸಿ, ಮೊದಲನೇದು ನೋಡಿರ್ಲಿಲ್ಲ" ಅಂತ ಬರೆದ್ರು, ಸರ್ ಹೇಳಿದ ಹಾಗೇ. ಮೊದಲನೆಯವರು ಎಲೆ ಮೇಲಿನ ಸ್ಟೊಮಾಟಾ (ಗಾಳಿಯಾಡೋ ಸಣ್ಣ ರಂಧ್ರಗಳು) ಮೇಲೆ ಕೆಲಸ ಮಾಡೋ ಪಿಎಚ್‌ಡಿ ಸ್ಟೂಡೆಂಟ್. ವಿಡಿಯೋ ಕಾಲ್‌ನಲ್ಲಿ ಇಪ್ಪತ್ತು ನಿಮಿಷ ಮಾತಾಡಿದ್ವಿ. ಮಾರ್ಕ್ಸ್ ಕೇಳಲೇ ಇಲ್ಲ. ಅವರ ಪೇಪರ್‌ನ ಒಂದು ಚಿತ್ರ ತೋರಿಸಿ "ಈ ಕಂಟ್ರೋಲ್ (ಹೋಲಿಸೋಕೆ ಅಂತ ಇಡೋ ಗುಂಪು) ಯಾಕೆ ಇಟ್ವಿ?" ಅಂತ ಕೇಳಿದ್ರು, ನನಗೆ ಪೂರ್ತಿ ಗೊತ್ತಾಗ್ಲಿಲ್ಲ, ಗೊತ್ತಿಲ್ಲ ಅಂದೆ, ಆದ್ರೆ ಅದು ಇಲ್ದೇ ಹೋದ್ರೆ ನೀರಿನಿಂದ ಆದ ಬದಲಾವಣೆನಾ ಹಾರ್ಮೋನ್‌ನಿಂದ ಆಗಿದ್ದಾ ಅಂತ ಹೇಗೆ ಹೇಳೋದು ಅಂತ ತಿರುಗಿ ಕೇಳ್ದೆ. ಅವರು ನಕ್ಕು "ಅದಕ್ಕೇ ಇಟ್ಟಿರೋದು" ಅಂದ್ರು.

ಸ್ಟೈಪೆಂಡ್ ಬಗ್ಗೆ ಕೇಳ್ದೆ, ಕಮ್ಮಿ ಇದೆ, ಆದ್ರೆ ಇದೆ. ಈಗ ಪ್ರತಿ ವಾರ ಅವರ ಗ್ರೂಪ್ ಮೀಟಿಂಗ್‌ಗೆ ಆನ್‌ಲೈನ್‌ನಲ್ಲಿ ಕೂತ್ಕೋತೀನಿ, ಅರ್ಧಕ್ಕರ್ಧ ತಲೆಗೆ ಹೋಗಲ್ಲ, ಗೊತ್ತಾಗದ ಪದ ಬರ್ಕೊಂಡು ಆಮೇಲೆ ಹುಡುಕ್ತೀನಿ. ಪರೀಕ್ಷೆ ಮುಗಿದ ಸೋಮವಾರದಿಂದ ಲ್ಯಾಬ್‌ಗೆ ಹೋಗ್ಬೇಕು. ಅಕ್ಕ, ಮೊದಲ ದಿನ ಏನ್ ತಗೊಂಡು ಹೋಗ್ಲಿ?

ಪೆಟ್ರಿ_ತಟ್ಟೆ:

ಓದ್ತಾ ಓದ್ತಾ ಎದ್ದು ಕುಣಿಯೋ ಹಾಗಾಯ್ತು ಕಣಮ್ಮ. ಹೊಲಿದಿರೋ ನೋಟ್‌ಬುಕ್ ಒಂದು, ಸುರುಳಿದು ಬೇಡ, ಹಾಳೆ ಕಿತ್ತು ಬರುತ್ತೆ. ಪೆನ್ಸಿಲ್ ಬೇಡ, ಪೆನ್. ಪುಟಕ್ಕೆ ನಂಬರ್ ಹಾಕು, ತಪ್ಪಾದ್ರೆ ಒಂದು ಗೆರೆ ಎಳಿ, ಮಸಿ ಬಳೀಬೇಡ, ಕೆಳಗೆ ಏನಿತ್ತು ಅಂತ ಕಾಣಿಸ್ಬೇಕು. ಕಾಲು ಪೂರ್ತಿ ಮುಚ್ಚೋ ಶೂ ಹಾಕ್ಕೋ, ಕೂದಲು ಕಟ್ಕೋ. ಅವರು ಒಂದು ಕೆಲಸ ತೋರಿಸಿದಾಗ ಬರ್ಕೋ, ಆಮೇಲೆ ನೀನು ಮಾಡೋವಾಗ "ನಾನು ಹೇಳ್ತಾ ಮಾಡ್ತೀನಿ, ತಪ್ಪಿದ್ರೆ ನಿಲ್ಸಿ" ಅಂತ ಕೇಳು. ಮತ್ತೆ ಏನಾದ್ರೂ ಚೆಲ್ಲಿದ್ರೆ, ಒಡೆದ್ರೆ, ಬೇರೆ ಟ್ಯೂಬ್‌ಗೆ ಹಾಕ್ಬಿಟ್ರೆ, ಆ ಕ್ಷಣಾನೇ ಹೇಳ್ಬಿಡು, ಐದು ನಿಮಿಷ ಕೂಡ ಇಟ್ಕೋಬೇಡ. ನಾನು ಮೊದಲ ತಿಂಗಳು ಒಂದ್ಸಲ ಹೇಳದೆ ಸುಮ್ಮನಿದ್ದೆ, ಇನ್ನೊಬ್ಬರ ಮೂರು ವಾರದ ಕೆಲಸ ಹೋಯ್ತು. ಸೋಮವಾರ ಸಂಜೆ ಬಂದು ಹೇಗಿತ್ತು ಅಂತ ಬರಿ.